ಸಂಭಾವ್ಯರ ಪಟ್ಟಿಯಲ್ಲಿ ನಾಲ್ಕನೆಯ ಹೆಸರು

ನನ್ನ ಗಂಡ ಇಳಕಲ್ಲಿನ ಒಂದು ಅನುದಾನಿತ ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತಿದ್ದರು. ನಾನು ಹುನಗುಂದದ ಹತ್ತಿರದ ಹಳ್ಳಿಯೊಂದರಲ್ಲಿ ಸರಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಮನೆ ಹುನಗುಂದದಲ್ಲಿ. ಬೆಳಿಗ್ಗೆ ಇಬ್ಬರೂ ಒಟ್ಟಿಗೆ ಬಸ್‌ ಸ್ಟ್ಯಾಂಡಿಗೆ ನಡೆದು, ಅವರು ಇಳಕಲ್ಲಿನ ಬಸ್ಸು, ನಾನು ಹಳ್ಳಿಯ ಬಸ್ಸು ಹತ್ತುತ್ತಿದ್ದೆವು. ಮಗಳು ಧಾರವಾಡದ ಹಾಸ್ಟೆಲಿನಲ್ಲಿದ್ದಳು. ಇಷ್ಟೇ ನಮ್ಮ ಸಂಸಾರ.

ಇದರ ಜೊತೆಗೆ ನನ್ನ ಗಂಡನಿಗೆ ಇನ್ನೊಂದು ಸಂಸಾರವಿತ್ತು ಎಂದರೆ ಅವರಿಗೂ ಸಿಟ್ಟು ಬರುತ್ತಿರಲಿಲ್ಲ. ವಿಧಾನ ಪರಿಷತ್ತಿನಲ್ಲಿ ಶಿಕ್ಷಕರೇ ಮತ ಹಾಕಿ ಆರಿಸುವ ಸ್ಥಾನಗಳಿವೆ. ನಮ್ಮ ಭಾಗದ ಅಂಥ ಒಂದು ಸ್ಥಾನದಲ್ಲಿ ಬಾದಾಮಿಯ ಒಬ್ಬ ಹಿರಿಯರು ಬಹಳ ವರ್ಷಗಳಿಂದ ಕೂತಿದ್ದರು. ಹಿಂದೆ ಮುಖ್ಯೋಪಾಧ್ಯಾಯರಾಗಿದ್ದವರು. ಶಾಸಕರಾದ ಮೇಲೂ ಎಲ್ಲರೂ ಅವರನ್ನು ‘ಸರ’ ಎಂದೇ ಕರೆಯುತ್ತಿದ್ದರು. ನಮ್ಮ ಮದುವೆಯಾದ ಮರುವರ್ಷದಿಂದ ನನ್ನ ಗಂಡ ಅವರ ಹಿಂದೆ ಓಡಾಡಿದರು. ಯಾವ ಶಾಲೆಯಲ್ಲಿ ಯಾರ ಸಂಬಳ ನಿಂತಿದೆ, ಯಾವ ಮಾಸ್ತರರ ಪಿಂಚಣಿ ಕಡತ ಎಲ್ಲಿ ಸಿಕ್ಕಿಕೊಂಡಿದೆ ಎಂದು ಬರೆದುಕೊಂಡು ಹೋಗಿ ಸರ ಅವರ ಮುಂದೆ ಇಡುವುದು ನನ್ನ ಗಂಡನ ಕೆಲಸ. ಮತದಾರರ ಪಟ್ಟಿಗೆ ಹೆಸರು ಸೇರಿಸುವ ಅರ್ಜಿಗಳನ್ನು ಹಿಡಿದು ಬಿಸಿಲಿನಲ್ಲಿ ಶಾಲೆಯಿಂದ ಶಾಲೆಗೆ ಸುತ್ತುತ್ತಿದ್ದರು. ರವಿವಾರ ಅವರು ಮನೆಯಲ್ಲಿ ಊಟ ಮಾಡಿದ್ದು ನನಗೆ ನೆನಪಿಲ್ಲ.

ಬಾಗಲಕೋಟೆಯಲ್ಲಿ ನಡೆದ ಒಂದು ಸನ್ಮಾನ ಸಮಾರಂಭದಲ್ಲಿ ಸರ ಇನ್ನು ಮೇಲೆ ತಾವು ಚುನಾವಣೆಗೆ ನಿಲ್ಲುವುದಿಲ್ಲ ಎಂದು ಹೇಳಿದರು. ಸಭೆ ಇನ್ನೂ ನಡೆಯುತ್ತಿರುವಾಗಲೇ ನನ್ನ ಗಂಡ ಹೊರಗೆ ಬಂದು ನನಗೆ ಫೋನ್ ಮಾಡಿದರು. ವೇದಿಕೆಯಿಂದ ಇಳಿಯುವಾಗ ಸರ ಇವರ ಹೆಗಲ ಮೇಲೆ ಕೈಯಿಟ್ಟು ಒಂದು ಮಾತು ಹೇಳಿದ್ದರಂತೆ.

“‘ಮುಂದಿಂದು ನಿಂದ ನೋಡೋ’ ಅಂದ್ರು. ಇಷ್ಟ ಅಂದ್ರು.”

ನಾನು ಆಗ ಮೂರನೆಯ ತರಗತಿಯ ಮಕ್ಕಳಿಗೆ ಮಗ್ಗಿ ಬರೆಸುತ್ತಿದ್ದೆ. ಫೋನಿಟ್ಟು ಮತ್ತೆ ಬರೆಸಿದೆ. ಏಳರ ಮಗ್ಗಿಯನ್ನು ಎರಡು ಸಲ ತಪ್ಪು ಹೇಳಿದೆ.

ನಾಲ್ಕು ದಿನಕ್ಕೆ ಜಿಲ್ಲೆಯ ಒಂದು ಪತ್ರಿಕೆಯಲ್ಲಿ ಸುದ್ದಿ ಬಂತು. ಖಾಲಿಯಾಗುವ ಸ್ಥಾನಕ್ಕೆ ಯಾರು ಎಂಬ ತಲೆಬರಹ, ಕೆಳಗೆ ಸಂಭಾವ್ಯ ಅಭ್ಯರ್ಥಿಗಳ ಐದು ಹೆಸರು. ನನ್ನ ಗಂಡನ ಹೆಸರು ನಾಲ್ಕನೆಯದು, ಇನಿಷಿಯಲ್ ತಪ್ಪಾಗಿತ್ತು. ಅವರು ಅದನ್ನು ಕತ್ತರಿಸಿ ಶರ್ಟಿನ ಜೇಬಿನಲ್ಲಿ ಇಟ್ಟುಕೊಂಡರು. ಮೊದಲ ಹೆಸರಿನವರು ವಯಸ್ಸಾದವರು, ಅವರಿಗೆ ಪಕ್ಷ ಟಿಕೆಟ್ ಕೊಡುವುದಿಲ್ಲ. ಎರಡನೆಯವರು ಪಕ್ಷ ಬದಲಿಸಿ ಬಂದವರು, ಅವರಿಗೂ ಇಲ್ಲ. ಮೂರನೆಯವರಿಗೆ ಬಾಗಲಕೋಟೆ ಬಿಟ್ಟರೆ ಹೊರಗೆ ಗುರುತಿಲ್ಲ ಎಂದು ಲೆಕ್ಕ ಹಾಕಿದರು. ಹೀಗೆ ಮೂವರನ್ನು ತೆಗೆದುಹಾಕಿದ ಮೇಲೆ ನಾಲ್ಕನೆಯವರೇ ಮೊದಲನೆಯವರಾದರು. ಸಂಜೆ ನಮ್ಮ ಪಡಸಾಲೆಯಲ್ಲಿ ಕೂರುತ್ತಿದ್ದ ಮಾಸ್ತರರೆಲ್ಲ ಇದೇ ಲೆಕ್ಕವನ್ನು ಬೇರೆ ಬೇರೆ ದಾರಿಯಲ್ಲಿ ಮಾಡಿ ಇದೇ ಉತ್ತರ ತೆಗೆಯುತ್ತಿದ್ದರು. ಯಾವ ತಾಲ್ಲೂಕಿನಲ್ಲಿ ಎಷ್ಟು ಮತ, ಯಾವ ಸಮಾಜದವರು ಎತ್ತ, ಯಾವ ಮಠದ ಸ್ವಾಮಿಗಳ ಒಲವು ಯಾರ ಕಡೆ ಎಂದು ಮಾತು. ನಾನು ಚಹಾ ಸೋಸುತ್ತ ಕೇಳುತ್ತಿದ್ದೆ.

ಸುಳ್ಳು ಏಕೆ ಹೇಳಲಿ, ನನಗೂ ಆಸೆ ಹತ್ತಿತ್ತು. ಒಂದು ಮಧ್ಯಾಹ್ನ ಯಾರೂ ಇಲ್ಲದಾಗ ಕನ್ನಡಿಯ ಮುಂದೆ ನಿಂತು, ಶಾಸಕರ ಹೆಂಡತಿ ಜನರಿಗೆ ಹೇಗೆ ಕೈ ಮುಗಿಯಬೇಕು ಎಂದು ಮುಗಿದು ನೋಡಿಕೊಂಡಿದ್ದೆ. ಅದನ್ನು ಈವರೆಗೆ ಯಾರಿಗೂ ಹೇಳಿಲ್ಲ.

ದಿನ ಕಳೆದವು, ಪಕ್ಷದ ಅಭ್ಯರ್ಥಿಗಳ ಪಟ್ಟಿ ಬರಲಿಲ್ಲ. ದಿನಕ್ಕೊಂದು ಹೊಸ ಹೆಸರು ಮಾತ್ರ ಬರುತ್ತಿತ್ತು. ಶಿಕ್ಷಕರ ವಾಟ್ಸಾಪ್ ಗುಂಪಿನಲ್ಲಿ ಬೆಳಿಗ್ಗೆ ನನ್ನ ಗಂಡನ ಹೆಸರು ಖಾಯಂ ಆಗುತ್ತಿತ್ತು, ಮಧ್ಯಾಹ್ನಕ್ಕೆ ಬೇರೆಯವರದು. ಅವರು ಊಟಕ್ಕೆ ಕೂತರೆ ಎಡಗೈಯಲ್ಲಿ ಫೋನು. ರೊಟ್ಟಿ ಮುರಿದು ಪಲ್ಯಕ್ಕೆ ಹಚ್ಚಿ ಹಾಗೇ ಕೂತುಬಿಡುತ್ತಿದ್ದರು. ಮೈ ಇಳಿಯಿತು. ಪಾಠದ ನಡುವೆ ಹೊರಗೆ ಹೋಗಿ ಫೋನಿನಲ್ಲಿ ಮಾತಾಡುತ್ತಾರೆಂದು ಶಾಲೆಯಿಂದ ದೂರು ಬರತೊಡಗಿತ್ತು.

ಅವರು ರಾಜೀನಾಮೆ ಕೊಟ್ಟ ವಿಷಯ ನನಗೆ ಅವರಿಂದ ತಿಳಿಯಲಿಲ್ಲ. ಶಿಕ್ಷಕರ ತರಬೇತಿಯೊಂದರಲ್ಲಿ ಪಕ್ಕದಲ್ಲಿ ಕೂತ ಶಿಕ್ಷಕಿಯೊಬ್ಬರು ನನ್ನ ಕೈ ಹಿಡಿದು, ಧೈರ್ಯ ಮೆಚ್ಚಬೇಕು ನಿಮ್ಮವರದು ಎಂದರು. ಏನು ಧೈರ್ಯ ಎಂದು ಕೇಳಿದ್ದಕ್ಕೆ ಅವರು ಕೈ ಬಿಟ್ಟು, ನೌಕರಿಗೆ ರಾಜೀನಾಮೆ ಕೊಟ್ಟರಲ್ಲ ಎಂದರು. ನಾನು ತರಬೇತಿ ಬಿಟ್ಟು ಮನೆಗೆ ಬಂದೆ. ನನ್ನ ಗಂಡ ಬಿಳಿ ಅಂಗಿ ಹಾಕಿಕೊಂಡು ಕುರ್ಚಿಯಲ್ಲಿ ಕೂತಿದ್ದರು.

“ಖರೇನ್ರಿ?” ಎಂದೆ.

“ಖರೆ. ಎಂಟು ದಿನಾ ಆತು.”

“ನನಗ ಯಾಕ ಹೇಳ್ಲಿಲ್ರಿ?”

“ಹೇಳಿದ್ರ ನೀ ಬ್ಯಾಡ ಅಂತಿದ್ದಿ.”

ಬೆಂಗಳೂರಿನಿಂದ ಬಂದಿದ್ದ ಪಕ್ಷದವರೊಬ್ಬರು, ನೌಕರಿಯಲ್ಲಿ ಒಂದು ಕಾಲಿಟ್ಟುಕೊಂಡವರನ್ನು ವರಿಷ್ಠರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ ಎಂದರಂತೆ. ಮರುದಿನವೇ ಇವರು ಬರೆದುಕೊಟ್ಟು ಬಂದಿದ್ದರು. ಇಪ್ಪತ್ತೆರಡು ವರ್ಷದ ನೌಕರಿ. ಎಂಟು ದಿನ ದಿನವೂ ನನ್ನ ಜೊತೆ ಬಸ್‌ ಸ್ಟ್ಯಾಂಡಿಗೆ ಬಂದು, ನನ್ನ ಬಸ್ಸು ಹೋದ ಮೇಲೆ ಮನೆಗೆ ಮರಳುತ್ತಿದ್ದರು. ನಾನು ಜಗಳವಾಡಲಿಲ್ಲ. ಅಡುಗೆ ಮನೆಯ ನೆಲದ ಮೇಲೆ ಕೂತುಬಿಟ್ಟೆ.

ಆಮೇಲೆ ಅವರು ಎರಡು ದಿನಕ್ಕೊಮ್ಮೆ ಬಾದಾಮಿಗೆ ಹೋಗತೊಡಗಿದರು. ಸರ ಮಲಗಿದ್ದಾರೆ, ಸರ ಅವರಿಗೆ ಆರಾಮಿಲ್ಲ, ಸರ ಯಾರನ್ನೂ ಕಾಣುವುದಿಲ್ಲ ಎಂದು ಮನೆಯವರು ಬಾಗಿಲಲ್ಲೇ ಹೇಳಿ ಕಳಿಸುತ್ತಿದ್ದರು. ಹತ್ತೊಂಬತ್ತು ವರ್ಷ ಚಪ್ಪಲಿ ಬಿಟ್ಟು ಸೀದಾ ಒಳಗೆ ಹೋಗುತ್ತಿದ್ದ ಮನೆ ಅದು. ನಾಲ್ಕನೆಯ ಸಲವೂ ಹಾಗೇ ಮರಳಿದ ಮೇಲೆ ನಾನು ರಜೆ ಬರೆದುಕೊಟ್ಟು, ತವರಿಗೆ ಹೋಗುತ್ತೇನೆಂದು ಅವರಿಗೆ ಹೇಳಿ ಬಾದಾಮಿಯ ಬಸ್ಸು ಹತ್ತಿದೆ. ಹೆಣ್ಣುಮಗಳು ಬಂದರೆ ಬಾಗಿಲಲ್ಲಿ ನಿಲ್ಲಿಸಿ ಕಳಿಸಲಾರರು ಎಂಬ ನಂಬಿಕೆ ಇತ್ತು. ಪಟ್ಟದಕಲ್ಲಿನಲ್ಲಿ ಪ್ರವಾಸಿಗರು ಗುಂಪಾಗಿ ಹತ್ತಿದರು. ಅವರ ನಗು ಕೇಳುತ್ತ, ನಾನು ಸರ ಅವರಿಗೆ ಹೇಳಬೇಕಾದ ಮಾತುಗಳನ್ನು ಮನಸ್ಸಿನಲ್ಲಿ ಜೋಡಿಸಿಕೊಳ್ಳುತ್ತಿದ್ದೆ.

ಎಣಿಸಿದಂತೆ ಒಳಗೆ ಬಿಟ್ಟರು. ಹೊರಗಿನ ಕೋಣೆಯಲ್ಲಿ ಇನ್ನೊಬ್ಬ ಹೆಂಗಸು ಆಗಲೇ ಕೂತಿದ್ದರು. ನನ್ನದೇ ವಯಸ್ಸು. ಬೇವೂರಿನವರಂತೆ, ಗಂಡ ಬಾಗಲಕೋಟೆಯಲ್ಲಿ ಕಾಲೇಜಿನ ಪ್ರಾಂಶುಪಾಲರು ಎಂದಾಗ ನನಗೆ ತಿಳಿಯಿತು, ಪತ್ರಿಕೆಯಲ್ಲಿದ್ದ ಮೂರನೆಯ ಹೆಸರು ಅವರ ಗಂಡನದು. ನಾನು ಯಾರೆಂದು ಹೇಳಿದಾಗ ಅವರಿಗೂ ತಿಳಿಯಿತು. ಇಬ್ಬರೂ ಗೋಡೆಯ ಕಡೆ ನೋಡುತ್ತ ಕೂತೆವು.

ಸ್ವಲ್ಪ ಹೊತ್ತಿಗೆ ಇಬ್ಬರನ್ನೂ ಒಟ್ಟಿಗೇ ಕರೆದರು. ಸರ ಮಂಚದ ಮೇಲೆ ದಿಂಬಿಗೆ ಒರಗಿದ್ದರು. ಇಷ್ಟು ಸಣ್ಣಗಾಗಿದ್ದಾರೆಂದು ನಾನು ಅಂದುಕೊಂಡಿರಲಿಲ್ಲ. ಬಸ್ಸಿನಲ್ಲಿ ಜೋಡಿಸಿದ ಮಾತೆಲ್ಲ ಮರೆತುಹೋಯಿತು. ಬೇವೂರಿನವರೇ ಕೇಳಿದರು, ನಮ್ಮ ಮನೆಯವರಿಗೆ ‘ಮುಂದಿಂದು ನಿಂದ ನೋಡೋ’ ಅಂದಿದ್ದಿರಿ, ಅದು ನಿಜವೇ ಎಂದು. ಅವರ ಬಾಯಿಂದ ಆ ಮಾತು ಬಂದಾಗ ನಾನು ಅವರ ಮುಖ ನೋಡಿದೆ. ಅದೇ ಮಾತು, ಅಕ್ಷರ ಕೂಡ ಬದಲಾಗಿರಲಿಲ್ಲ.

“ನಮ್ಮ ಮನಿಯವ್ರಿಗೂ ಹಂಗ ಅಂದೀರಿ ಸರ,” ಎಂದೆ.

ಸರ ನಮ್ಮಿಬ್ಬರನ್ನೂ ನೋಡಿದರು. ಅವರು ನಾಚಿಕೊಂಡಂತೆ ನನಗೆ ಕಾಣಲಿಲ್ಲ. ಬಹಳ ದಣಿದಂತೆ ಕಂಡರು.

“ಎಲ್ಲಾರಿಗೂ ಹಂಗ ಅಂದೇನವ್ವಾ. ಹಂಗ ಅನ್ನಲಿಲ್ಲಂದ್ರ ನನ್ನ ಕೂಡ ಯಾರು ಅಡ್ಡಾಡತಿದ್ರು?” ಎಂದರು. ಉಸಿರು ತೆಗೆದುಕೊಂಡು ಮತ್ತೆ ಹೇಳಿದರು, “ನನ್ನ ಮಾತು ಈಗ ಯಾರೂ ಕೇಳೂದಿಲ್ಲ. ಯಾರಿಗೆ ಕೊಡ್ತಾರಂತ ನನಗೂ ಟಿವಿ ನೋಡಿನ ಗೊತ್ತಾಗಬೇಕು.”

ನನ್ನ ಗಂಡ ನೌಕರಿ ಬಿಟ್ಟಿದ್ದಾರೆ ಎಂದು ಹೇಳಿದೆ. ಅವರು ಕಣ್ಣು ಮುಚ್ಚಿದರು. ಸೊಸೆ ಬಂದು, ಇನ್ನು ಸಾಕು ಎಂಬಂತೆ ನಮ್ಮ ಕಡೆ ನೋಡಿದಳು.

ಬಾದಾಮಿ ಬಸ್‌ ಸ್ಟ್ಯಾಂಡಿನ ಕಲ್ಲು ಬೆಂಚಿನ ಮೇಲೆ ನಾವಿಬ್ಬರೂ ಕೂತೆವು. ಬೇವೂರಿನವರು ಚೀಲದಿಂದ ನೀರಿನ ಬಾಟಲಿ ತೆಗೆದು ನನಗೆ ಕೊಟ್ಟರು. ತಮ್ಮ ಗಂಡ ದಿನವೂ ನನ್ನ ಗಂಡನನ್ನು ಬೈಯುತ್ತಿದ್ದರೆಂದೂ, ಆ ಹುನಗುಂದದ ಮಾಸ್ತರ ಅಡ್ಡ ಬರದಿದ್ದರೆ ಟಿಕೆಟ್ ತಮಗೇ ಎನ್ನುತ್ತಿದ್ದರೆಂದೂ ಹೇಳಿದರು. ನಮ್ಮ ಮನೆಯಲ್ಲೂ ಹಾಗೇ ಎಂದೆ. ಆಗ ಅವರು ತಲೆ ತಗ್ಗಿಸಿ, “ಅಕ್ಕಾರ, ನಾಳೆನ ಇಳಕಲ್ಲಿಗೆ ಹೋಗ್ರಿ. ರಾಜೀನಾಮಿ ಇನ್ನೂ ಟೇಬಲ್ ಮ್ಯಾಲ ಇದ್ರ ಇಸ್ಕೊಂಡು ಬರ್ರಿ. ನಮ್ಮವ್ರೂ ಬರದು ಇಟ್ಟಿದ್ರು. ನಾ ಹರದ ಹಾಕಿದೆ,” ಎಂದರು.

ಮರುದಿನ ಶಾಲೆ ನಡೆಸುವ ಸಂಸ್ಥೆಯ ಕಾರ್ಯದರ್ಶಿಗಳ ಮುಂದೆ ಹೋಗಿ ಕೂತೆ. ನನ್ನ ಗಂಡನನ್ನು ಕೇಳದೆ ಹೋಗಿದ್ದೆ. ಕಾರ್ಯದರ್ಶಿಗಳು ಒಳ್ಳೆಯ ಮನುಷ್ಯ, ಚಹಾ ತರಿಸಿದರು. ಆಡಳಿತ ಮಂಡಳಿಯ ಸಭೆ ಕಳೆದ ವಾರವೇ ಆಗಿ ರಾಜೀನಾಮೆ ಅಂಗೀಕಾರವಾಗಿದೆ, ಕಾಗದ ಇಲಾಖೆಗೂ ಹೋಗಿದೆ ಎಂದರು. ಬೇರೆ ಏನಾದರೂ ದಾರಿ ಇದೆಯೇ ಎಂದು ಕೇಳಿದೆ. ಕೈ ಮುಗಿದೆ. ಕನ್ನಡಿಯ ಮುಂದೆ ಅಭ್ಯಾಸ ಮಾಡಿದ ರೀತಿಯಲ್ಲಿ ಅಲ್ಲ.

“ಆ ಜಾಗಾಕ್ಕ ಆಗಲೇ ಆರು ಮಂದಿ ಬಂದು ಹೋಗ್ಯಾರ ಅಕ್ಕಾರ,” ಎಂದರು ಅವರು. “ಒಬ್ಬೊಬ್ಬರದೂ ಒಂದೊಂದು ಶಿಫಾರಸು. ಸ್ಟಾಫ್‌ ರೂಮಿನ್ಯಾಗ ಅದ ಮಾತು, ಯಾರಿಗಿ ಸಿಗತದ ಅಂತ.”

ನಮ್ಮ ಪಡಸಾಲೆಯಲ್ಲಿ ಕೂತು ಸರ ಅವರ ಸ್ಥಾನದ ಲೆಕ್ಕ ಹಾಕಿದ ಮಾಸ್ತರರಲ್ಲಿ ಒಬ್ಬರು, ತಮ್ಮ ತಂಗಿಯ ಗಂಡನಿಗಾಗಿ ಆ ಜಾಗ ಕೇಳಲು ಬಂದಿದ್ದರೆಂದು ಕಾರ್ಯದರ್ಶಿಗಳೇ ಹೇಳಿದರು. ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಹೊರಗೆ ಬಂದಾಗ ಮೇಲಿನ ಒಂದು ಕೋಣೆಯಿಂದ ಯಾರೋ ಬೀಜಗಣಿತದ ಸೂತ್ರ ಹೇಳಿಕೊಡುತ್ತಿದ್ದ ಧ್ವನಿ ಕೇಳಿಸಿತು. ಅಲ್ಲಿಯೇ ಮರದ ಕೆಳಗೆ ನಿಂತು ಅತ್ತೆ.

ಅದಾದ ಮೂರನೆಯ ದಿನ ಪಟ್ಟಿ ಬಂತು. ಟಿಕೆಟ್ ಸಿಕ್ಕಿದ್ದು ಯಾವ ಪತ್ರಿಕೆಯೂ ಊಹಿಸದ, ಯಾವ ಲೆಕ್ಕದಲ್ಲೂ ಬಾರದ ಒಬ್ಬರಿಗೆ. ಹಲವು ಕಾಲೇಜು ನಡೆಸುವವರು, ಪಾಠ ಮಾಡಿದವರಲ್ಲ. ನನ್ನ ಗಂಡ ಟಿವಿ ಬಂದ್ ಮಾಡಿ, ಬಿಳಿ ಅಂಗಿ ಕಳಚಿ ಹಳೆಯದು ಹಾಕಿಕೊಂಡು, ಹೊರಗೆ ಹೋಗಿ ಬರುತ್ತೇನೆ ಎಂದರು. ಫೋನನ್ನು ಕುರ್ಚಿಯ ಮೇಲೆ ಬಿಟ್ಟಿದ್ದರು. ಅಷ್ಟು ದಿನ ಒಂದು ಗಳಿಗೆ ಕೈಬಿಡದ ಫೋನು.

ಅದನ್ನು ಕಂಡವಳೇ ಬಾಗಿಲು ಎಳೆದುಕೊಂಡೆ. ಬಸ್‌ ಸ್ಟ್ಯಾಂಡಿಗೆ ಓಡಿದೆ. ಅಲ್ಲಿನ ಪರಿಚಯದ ಕಂಟ್ರೋಲರ್ ಒಬ್ಬರು, ಮಾಸ್ತರರು ಬಾದಾಮಿ ಬಸ್ಸು ಹತ್ತಿದರು ಎಂದರು. ಸರ ಅವರ ಮನೆಗೆ ಹೋದರೇನೋ ಎಂದು ನಾನೂ ಮುಂದಿನ ಬಸ್ಸಿಗೆ ಹೋದೆ. ಅಲ್ಲಿಗೆ ಬಂದಿರಲಿಲ್ಲ. ಮನಸ್ಸಿಗೆ ಬಂದದ್ದನ್ನು ಬಾಯಿಗೆ ತಂದುಕೊಳ್ಳದೆ, ಆಟೊ ಮಾಡಿಕೊಂಡು ಬನಶಂಕರಿಗೆ ಹೋದೆ. ಮಗಳು ಹುಟ್ಟುವ ಮೊದಲು ಇಬ್ಬರೂ ಅಮಾವಾಸ್ಯೆಗೆ ಬಾದಾಮಿಯಿಂದ ಅಲ್ಲಿಗೆ ನಡೆದುಕೊಂಡು ಹೋಗುತ್ತಿದ್ದೆವು.

ಗುಡಿಯ ಮುಂದಿನ ಹೊಂಡದ ಮೆಟ್ಟಿಲ ಮೇಲೆ ಅವರು ಕೂತಿದ್ದರು. ಕೆಳಗಿನಿಂದ ಎರಡನೆಯ ಮೆಟ್ಟಿಲು. ನಾನು ಕೂಗಲಿಲ್ಲ. ಕೂಗಿದರೆ ಏನಾದೀತೋ ಎಂದು ಹೆದರಿ, ಗೋಡೆ ಹಿಡಿದು ಒಂದೊಂದೇ ಮೆಟ್ಟಿಲು ಇಳಿದು ಪಕ್ಕದಲ್ಲಿ ಕೂತು ಅವರ ಅಂಗಿಯ ತೋಳನ್ನು ಹಿಡಿದುಕೊಂಡೆ. ಅವರು ತಿರುಗಿ ನೋಡಲಿಲ್ಲ.

“ನಾಳೆ ಮುಂಜಾನಿ ನಾ ಎಲ್ಲಿಗಿ ಹೋಗ್ಲಿ?” ಎಂದು ಕೇಳಿದರು.

“ನನ್ನ ಕೂಡ ಬಸ್‌ ಸ್ಟ್ಯಾಂಡಿಗಿ ಬರ್ರಿ,” ಎಂದೆ. “ಮುಂದಿಂದು ನೋಡೋಣು.”

ಬಿಸಿಲು ಇಳಿಯುವವರೆಗೂ ಕೂತಿದ್ದೆವು. ಸರ ಎಲ್ಲರಿಗೂ ಅದೇ ಮಾತು ಹೇಳಿದ್ದನ್ನು ಆಗ ತಿಳಿಸಿದೆ. ಅವರು ಹೊಂಡದ ನೀರು ನೋಡುತ್ತ ತಲೆಯಾಡಿಸಿದರು. ಅವರಿಗೆ ಅದು ಬಹಳ ಮೊದಲೇ ಗೊತ್ತಿತ್ತೇನೋ ಎಂದು ನನಗೆ ಎಷ್ಟೋ ಸಲ ಅನಿಸಿದೆ, ಕೇಳಿಲ್ಲ. ಅವರೇ ಮೊದಲು ಎದ್ದರು.

ಶಾಲೆಯ ಆ ಜಾಗಕ್ಕೆ ಒಬ್ಬರು ಬಂದರು. ತಂಗಿಯ ಗಂಡನಲ್ಲ, ಬೇರೆ ಯಾರೋ. ನನ್ನ ಗಂಡ ಒಂದು ವರ್ಷ ಮನೆಯಲ್ಲಿದ್ದರು. ಆ ವರ್ಷದ ಬಗ್ಗೆ ಬರೆಯಲು ನನಗೆ ಇನ್ನೂ ಆಗುವುದಿಲ್ಲ. ಮನೆಯ ಚಾಕುವಿನಿಂದ ಹಿಡಿದು ಮಾತ್ರೆಯ ಡಬ್ಬಿಯವರೆಗೆ ಎಲ್ಲವನ್ನೂ ನಾನು ಬಚ್ಚಿಟ್ಟು ಶಾಲೆಗೆ ಹೋಗುತ್ತಿದ್ದೆ ಎಂದಷ್ಟೇ ಹೇಳುತ್ತೇನೆ. ಬಾಗಲಕೋಟೆಯ ದವಾಖಾನೆಯಲ್ಲಿ ಮನಸ್ಸಿನ ಡಾಕ್ಟರಿಗೆ ತೋರಿಸಲು ಒಪ್ಪಿಸುವುದಕ್ಕೇ ಐದು ತಿಂಗಳು ಬೇಕಾಯಿತು. ಒಪ್ಪಿಸಿದ್ದು ನಾನಲ್ಲ, ಬೇವೂರಿನವರ ಗಂಡ. ಒಂದು ದಿನ ತಾವಾಗಿಯೇ ನಮ್ಮ ಮನೆಗೆ ಬಂದು, ಬಾಗಿಲು ಮುಚ್ಚಿಕೊಂಡು ಎರಡು ತಾಸು ಇವರ ಜೊತೆ ಮಾತಾಡಿ, ತಮ್ಮ ಕಾರಿನಲ್ಲೇ ಕರೆದುಕೊಂಡು ಹೋದರು.

ಈಗ ನನ್ನ ಗಂಡ ಅಮೀನಗಡದ ಕಡೆಯ ಒಂದು ಸಣ್ಣ ಖಾಸಗಿ ಶಾಲೆಯಲ್ಲಿ ಗಣಿತ ಹೇಳುತ್ತಾರೆ. ಮಕ್ಕಳು ಕಡಿಮೆ, ಕೋಣೆಗಳೂ ಕಡಿಮೆ. ಮೊನ್ನೆ ಯಾರೋ ಇಬ್ಬರು ಮಾಸ್ತರರು ಬಂದು ಪಡಸಾಲೆಯಲ್ಲಿ ಕೂತು, ಮುಂದಿನ ಸಲ ಈಗಿನವರಿಗೆ ಟಿಕೆಟ್ ಸಿಗುವುದಿಲ್ಲವಂತೆ, ಯಾರು ಬರಬಹುದು ಎಂದು ಶುರು ಮಾಡಿದರು. ನಾನು ಅಡುಗೆ ಮನೆಯಲ್ಲಿ ನಿಂತು ಕಿವಿಗೊಟ್ಟೆ. ಇವರು, ಉತ್ತರ ಪತ್ರಿಕೆ ತಿದ್ದುವುದಿದೆ ಎಂದು ಒಳಗೆ ಬಂದರು. ಬಂದವರು ಚಹಾ ಕುಡಿದು ಹೋದರು. ಇವರು ಮೇಜಿನ ಮುಂದೆ ಕೂತಿದ್ದರು. ಒಂದು ಲೆಕ್ಕಕ್ಕೆ ಹಾಕಿದ ಅಂಕವನ್ನು ಎರಡು ಸಲ ಹೊಡೆದುಹಾಕಿದರು. ಆದರೆ ಕೆಂಪು ಪೆನ್ನಿನಿಂದ ತಿದ್ದುತ್ತಲೇ ಇದ್ದರು.