ಎಲೆತೋಟದ ಅಂಚಿನ ಟೊಮೆಟೊ

ಓದುವ ಎಲ್ಲರಿಗೂ ನಮಸ್ಕಾರ. ನಾನು ಶಾಲೆಯ ಮೆಟ್ಟಿಲು ಹತ್ತಿದ್ದೇ ಮೀಸೆ ಬಂದ ಮೇಲೆ. ಈಗಲೂ ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಿದ್ದೇನೆ. ತಪ್ಪು ಕಂಡರೆ ಮನ್ನಿಸಿ, ತಿದ್ದಿಕೊಂಡು ಓದಿ.

ತೊಂಬತ್ತರ ದಶಕದ ಮಾತು. ಗುಂಡ್ಲುಪೇಟೆಯವನಾದ ನಾನು ಉಡಿಗಾಲ ಎಂಬ ಊರಿನಲ್ಲಿ ಮನೆ ಅಳಿಯನಾಗಿದ್ದೆ. ಮಾವನದು ವೀಳ್ಯದೆಲೆ ತೋಟ. ಮನೆ ನಡೆಯುತ್ತಿದ್ದುದೇ ಆ ಬಳ್ಳಿಗಳಿಂದ. ಚಪ್ಪಲಿ ಮೆಟ್ಟಿಕೊಂಡು ಯಾರೂ ಒಳಗೆ ಕಾಲಿಡುವಂತಿರಲಿಲ್ಲ. ಹಿಂದೊಮ್ಮೆ ಬುಡಕೊಳೆ ರೋಗ ಬಂದು ಅರ್ಧ ತೋಟ ಹೋಗಿತ್ತಂತೆ. ಅಂದಿನಿಂದ ಎಲ್ಲಿ ಬೂಷ್ಟು ಕಂಡರೂ ಮಾವ ಮೈಲುತುತ್ತ, ಸುಣ್ಣ ಕಲಸಿದ ನೀಲಿ ನೀರು ಸುರಿಯುತ್ತಿದ್ದರು.

ಗುಂಡ್ಲುಪೇಟೆಯಲ್ಲಿ ರೈತರ ತರಬೇತಿಗೆ ಹೋದಾಗ ನನಗೊಂದು ಪೊಟ್ಟಣ ಕೊಟ್ಟರು. ನೋಡಲು ಬರೀ ಮಣ್ಣು. ಅದರಲ್ಲಿರುವ ಶಿಲೀಂಧ್ರ ಬೇರಿನೊಳಗೆ ಸೇರಿಕೊಂಡು, ಬೇರಿಗೆ ಎಟುಕದ ಕಡೆಯಿಂದ ನೀರು, ರಂಜಕ ತಂದುಕೊಡುತ್ತದೆ, ಕೂಲಿಯಾಗಿ ಗಿಡದ ಸಕ್ಕರೆ ತಿನ್ನುತ್ತದೆ ಎಂದರು. ತೋಟದ ಅಂಚಿನಲ್ಲಿ ಮನೆ ಬಳಕೆಗೆ ಟೊಮೆಟೊ ನೆಡುವಾಗ ಗುಳಿಗೊಂದು ಚಿಟಿಕೆ ಹಾಕಿ, ಅದರ ಮೇಲೇ ಬೇರು ಕೂರುವಂತೆ ಸಸಿ ಇಟ್ಟೆ.

"ಯಾನ್ಲಾ ಅದು?" ಎಂದರು ಮಾವ.

"ಒಳ್ಳೆ ಬೂಷ್ಟು ಮಾವ."

"ಬೂಷ್ಟಲ್ಲೂ ಒಳ್ಳೇದು ಕೆಟ್ಟದ್ದು ಇದ್ದದಾ? ನನ್ ಬಳ್ಳಿಗೇನಾದ್ರೂ ಆದ್ರೆ ನೀನುಂಟು, ಗುಂಡ್ಲುಪೇಟೆ ಬಸ್ಸುಂಟು, ನೋಡ್ಕೊ."

ನಗುತ್ತಾ ಹೇಳಿರಲಿಲ್ಲ. ಟೊಮೆಟೊಗೆ ಹಾಯ್ದ ನೀರೇ ಮುಂದೆ ಬಳ್ಳಿಗೂ ಹರಿಯುತ್ತಿತ್ತು. ಅಂದಿನಿಂದ ನಾನು ದಿನಾ ಬೆಳಗ್ಗೆ ಎದ್ದವನೇ ಮೊದಲು ಬಳ್ಳಿ ನೋಡುತ್ತಿದ್ದೆ, ಆಮೇಲೆ ಟೊಮೆಟೊ.

ಗಿಡಗಳು ಹೂ ಬಿಡುವ ಹೊತ್ತಿಗೆ ಅಂಚಿನ ಒಂದು ಬಳ್ಳಿ ಜೋತುಬಿತ್ತು. ಮಾವ ನೀಲಿ ನೀರು ಕಲಸಿ, ಬಿಂದಿಗೆ ಹೊತ್ತು ಟೊಮೆಟೊ ಮಡಿಗೇ ಬಂದರು.

"ಸುರಿಬ್ಯಾಡಿ ಮಾವ, ಬೇರಲ್ಲಿರದು ಸತ್ತೋಯ್ತದೆ!"

"ಸಾಯ್ಲಿ ಅಂತಾನೇ ತಂದಿರದು. ಅಡ್ಡ ಬರ್ಬ್ಯಾಡ ಕಣ್ಲಾ!"

ನನ್ನ ಹೆಂಡತಿ ಓಡಿಬಂದು ಬಿಂದಿಗೆಯ ಕಂಠ ಹಿಡಿದಳು. "ಮೊದ್ಲು ಬಳ್ಳಿ ಬುಡ ಕೆದಕಿ ನೋಡಪ್ಪ. ಕೊಳ್ತಿದ್ರೆ ನಾನೇ ಸುರಿತೀನಿ. ಇವರ್ನೂ ನಾನೇ ಬಸ್ ಹತ್ತಿಸ್ತೀನಿ."

ನಾನು ಮಂಡಿಯೂರಿ ಕೈಯಲ್ಲೇ ಮಣ್ಣು ಬಿಡಿಸಿದೆ. ಕೊಳೆತ ಬೇರು ಕಪ್ಪಾಗಿ ನಾರುತ್ತದೆ. ಮೂಸಿ ನೋಡುವ ಧೈರ್ಯ ನನಗಾಗಲಿಲ್ಲ. ಮಾವನೇ ಬಗ್ಗಿ ಒಂದು ಬೇರು ಕಿತ್ತು ಮೂಗಿಗೆ ಹಿಡಿದರು. ಬೆಳ್ಳಗಿತ್ತು. ನಾತವಿರಲಿಲ್ಲ. ಆದರೆ ಮಣ್ಣೊಳಗೆ ಬಳ್ಳಿಯ ಬುಡವನ್ನು ಯಾವುದೋ ಪ್ರಾಣಿ ಕೊರೆದು ತಿಂದಿತ್ತು. ಪಕ್ಕದಲ್ಲೇ ಬಿಲ.

"ಹೆಗ್ಗಣ, ಇದರ ವಂಶ ಹಾಳಾಗ!" ಎಂದರು ಮಾವ. ಬಿಂದಿಗೆಯನ್ನು ಹಾಗೇ ಎತ್ತಿಕೊಂಡು ಹೋದರು.

ನನ್ನನ್ನು ನಂಬಿದರು ಅಂತಲ್ಲ. ಅಂದೇ ಸಂಜೆ ಗುದ್ದಲಿ ತಂದು, ಟೊಮೆಟೊ ನೀರು ಬಳ್ಳಿ ಕಡೆ ಹರಿಯದಂತೆ ಬೇರೆ ಕಾಲುವೆ ತೆಗೆದರು. ಕಾಯಿ ಕೆಂಪಾಗುವವರೆಗೂ ಇಬ್ಬರೂ ಬಳ್ಳಿಗಳನ್ನೇ ಕಾದೆವು. ಮತ್ಯಾವ ಬಳ್ಳಿಯೂ ಬಾಡಲಿಲ್ಲ. ಆ ಬೇಸಿಗೆ ಟೊಮೆಟೊ ಮಾತ್ರ ನೀರು ತಪ್ಪಿದ ದಿನವೂ ತಲೆ ಬಗ್ಗಿಸಲಿಲ್ಲ. ಒಂದು ದಿನ ಊಟಕ್ಕೆ ಕೂತ ಮಾವ ಮಗಳಿಗೆ ಹೇಳಿದರು: "ಆ ಬೂಷ್ಟಿನ ಸಾರು ಇನ್ನೊಂದ್ ಸೌಟು ಬುಡವ್ವ."

ಬಸ್ಸಿನ ಮಾತು ಮತ್ತೆ ಬರಲಿಲ್ಲ. ಗಿಡ ಹಾಗೆ ಬಂದದ್ದು ಆ ಪೊಟ್ಟಣದ ಮಣ್ಣಿನಿಂದಲೋ ಜೊತೆಗೆ ಹಾಕಿದ್ದ ಸಗಣಿ ಗೊಬ್ಬರದಿಂದಲೋ, ನನಗೆ ಇವತ್ತಿಗೂ ಖಚಿತವಿಲ್ಲ. ಕಣ್ಣಿಗೆ ಕಾಣುವ ವಸ್ತುವಲ್ಲವಲ್ಲ. ನಿಮ್ಮ ಹಿತ್ತಲಲ್ಲಿ ಯಾರಾದರೂ ಇದನ್ನು ಹಾಕಿದ್ದೀರಾ? ಮನೆಯ ಹಿರಿಯರನ್ನು ಹೇಗೆ ಒಪ್ಪಿಸಿದಿರಿ? ದಯವಿಟ್ಟು ಬರೆದು ತಿಳಿಸಿ.