ಕೈ ಮೇಲಿನ ಹೆಸರು

ಕಂಪ್ಲಿಯ ಅಕ್ಕಿ ಗಿರಣಿಯ ಲೇಬರ್ ಶೆಡ್ಡಿಗೆ ಬಿಹಾರದಿಂದ ಹೊಸದಾಗಿ ಬಂದಿದ್ದ ಹೆಣ್ಣುಮಗಳೊಬ್ಬಳ ಕೂಸಿಗೆ ಲಸಿಕೆ ಹಾಕಬೇಕಿತ್ತು. ಆಶಾ ಕಾರ್ಯಕರ್ತೆಯಾದ ನಾನು ಕಾರ್ಡ್ ತುಂಬಲು ಕೂತೆ. ಕೂಸಿನ ಹೆಸರು ಹೇಳಿದಳು, ತನ್ನದೂ ಹೇಳಿದಳು. ಗಂಡನ ಹೆಸರು ಕೇಳಿದರೆ ಬಾಯಿಗೆ ಸೆರಗು ಹಿಡಿದು ತಲೆ ಅಲ್ಲಾಡಿಸಿದಳು. ಗಂಡ ಲಾರಿ ಜೊತೆ ಹೊಸಪೇಟೆಗೆ ಹೋಗಿದ್ದ.

“ಹೆಸ್ರು ಹೇಳಿದ್ರ ಗಂಡನ ಆಯುಷ್ಯ ಕಮ್ಮಿ ಆಗ್ತೈತಂತ್ರಿ,” ಎಂದರು ನನ್ನ ಜೊತೆ ಲಸಿಕೆ ಹಾಕಲು ಬಂದಿದ್ದ, ಹಿಂದಿ ಬಲ್ಲ ನರ್ಸಮ್ಮ.

“ಈ ಕಾಲದಾಗೂ ಹಿಂಗಂದ್ರ ಹೆಂಗ? ಬಾಯಿ ಬಿಡು ಅನ್ರಿ ಆಕಿಗೆ!” ನಾನು ರೇಗಿದೆ. ಲಸಿಕೆ ಡಬ್ಬಿಯ ಐಸು ಕರಗುತ್ತಿತ್ತು, ಇನ್ನೂ ಮೂರು ಶೆಡ್ಡು ಬಾಕಿ ಇದ್ದವು.

ಆಕೆ ಸ್ವಲ್ಪ ಯೋಚಿಸಿ, ಬಳೆ ಮೇಲೆ ಸರಿಸಿ ಮುಂಗೈ ಚಾಚಿದಳು. ಅಲ್ಲಿ ಗಂಡನ ಹೆಸರಿನ ಹಚ್ಚೆ ಇತ್ತು. ನರ್ಸಮ್ಮ ಓದಿದರು, ನಾನು ಬರೆದುಕೊಂಡೆ. ಸೂಜಿ ಚುಚ್ಚಿದಾಗ ಕೂಸು ಶೆಡ್ಡೇ ಹಾರಿಹೋಗುವಂತೆ ಅತ್ತಿತು.

ಅಷ್ಟರಲ್ಲಿ ನನ್ನ ಫೋನ್ ಹೊಡೆದುಕೊಂಡಿತು. ನರ್ಸಮ್ಮ ಅದನ್ನು ಎತ್ತಿಕೊಡುತ್ತಾ ನಕ್ಕರು. “‘ನಮ್ಮ ಮನಿಯವ್ರು’ ಅಂತ ಬರದೈತಲ್ರಿ. ಇವ್ರ ಹೆಸ್ರೇನ್ರಿ ಅಕ್ಕಾ?”

ನಾನು ಫೋನ್ ಕಿವಿಗೆ ಹಿಡಿದು ಸರಸರನೆ ಹೊರಗೆ ನಡೆದೆ. ತೋರಿಸೋಣವೆಂದರೆ ನನ್ನ ಕೈ ಮೇಲೆ ಹಚ್ಚೆಯೂ ಇಲ್ಲ.