ಡಬ್ಬದ ಮೇಲಿನ ವೇಗ

ಗ್ಯಾರೇಜಿನಲ್ಲಿ ಅವನನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಎಲ್ಲರ ಬಾಯಲ್ಲೂ ಅವನು 'ಇನ್ನೊಂಚೂರು'. ರಿಪೇರಿಗೆ ಬಂದ ಬೈಕು ಸರಿಯಾಗಿಯೇ ಓಡುತ್ತಿದ್ದರೂ ಕಾರ್ಬುರೇಟರಿನ ಸ್ಕ್ರೂಗೆ ಕೈಹಾಕಿ, "ತಡೀರಿ, ಇನ್ನೊಂಚೂರು ಎಳೆಯತ್ತೆ" ಎನ್ನುವುದು ಅವನ ಜಾಯಮಾನ. ಹೆಚ್ಚಿನ ಸಲ ಬೈಕು ನಿಜವಾಗಿಯೂ ಇನ್ನೊಂಚೂರು ಎಳೆಯುತ್ತದೆ. ಕೆಲವು ಸಲ ಗಿರಾಕಿ ಅದನ್ನು ತಳ್ಳಿಕೊಂಡು ವಾಪಸ್ ಬರುತ್ತಾನೆ. ಅಂಥವನ್ನು ಇವನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಅವನ ಹೆಂಡತಿ ಕಟ್ಟಡಗಳ ನಕ್ಷೆ ಬರೆಯುವವಳು. ಕೆಲಸ ಮಾಡುತ್ತಿದ್ದ ಆಫೀಸು ಬಾಗಿಲು ಹಾಕಿದ ಮೇಲೆ ವರ್ಷಗಟ್ಟಲೆ ಮನೆಯಲ್ಲೇ ಉಳಿದಿದ್ದಳು. ಈಗ ಒಂದು ಕಂಪನಿ ಅವಳಿಗೆ ಪರೀಕ್ಷೆಯ ಕೆಲಸ ಕೊಟ್ಟಿತ್ತು. ಇನ್ನೂ ಕಟ್ಟದ ಒಂದು ಮನೆಯನ್ನು ಕಂಪ್ಯೂಟರಿನಲ್ಲಿ ಕಟ್ಟಿ, ನೋಡುವವರು ಅದರೊಳಗೆ ನಡೆದಾಡಿದಂತೆ ಕಾಣುವ ವಿಡಿಯೋ ಮಾಡಿ, ಭಾನುವಾರ ಸಂಜೆ ಐದರೊಳಗೆ ಕಳಿಸಬೇಕು. ಒಪ್ಪಿಗೆಯಾದರೆ ಕೆಲಸ. ಆಗದಿದ್ದರೆ, "ಇನ್ಯಾರ್ರೀ ಕರೀತಾರೆ ನನ್ನ?" ಎಂದು ಅವಳೇ ಕೇಳಿದ್ದಳು.

ಮನೆಯಲ್ಲಿದ್ದ ಹಳೆಯ ಕಂಪ್ಯೂಟರು ಒಂದು ಕಿಟಕಿ ಬರೆಯುವಷ್ಟರಲ್ಲೇ ಏದುಸಿರು ಬಿಡುತ್ತಿತ್ತು. ಗಂಡನೆಂದ ಮೇಲೆ ಸುಮ್ಮನಿರಲಾದೀತೇ? ಬಿಡಿಭಾಗಗಳನ್ನೆಲ್ಲ ತಂದು ಊಟದ ಮೇಜಿನ ಮೇಲೆ ಹರವಿಕೊಂಡು, ತಾನೇ ಹೊಸದನ್ನು ಜೋಡಿಸಿದ. ಅಂಗಡಿಯವನು ಮೆಮೊರಿ ಪಟ್ಟಿ ಎರಡು ಸಾಕೆಂದಿದ್ದ, ಇವನು ನಾಲ್ಕು ತಂದಿದ್ದ. ಸೆಟ್ಟಿಂಗಿನ ಪುಟ ತೆರೆದರೆ ಆ ಮೆಮೊರಿ ತನ್ನ ಡಬ್ಬದ ಮೇಲೆ ಅಚ್ಚಾದ ವೇಗಕ್ಕಿಂತ ಎಷ್ಟೋ ನಿಧಾನವಾಗಿ ಓಡುತ್ತಿತ್ತು. ಒಂದು ಟಿಕ್ ಹಾಕಿದ, ಡಬ್ಬದ ವೇಗ ಬಂತು. ಅದು ತನಗೆ ಬರಬೇಕಾದ ಹಕ್ಕೆಂದು ಎಣಿಸಿ ಮರೆತೂಬಿಟ್ಟ. ಮರುದಿನ ಹೆಂಡತಿ ತರಕಾರಿಗೆ ಹೋದಾಗ ಪ್ರೊಸೆಸರಿನ ವೇಗವನ್ನೂ ಏರಿಸಿದ. ಅದನ್ನು ಅವಳಿಗೆ ಹೇಳಲಿಲ್ಲ. ಹೇಳಿದರೆ ಬೇಡ ಅನ್ನುತ್ತಾಳೆ, ಬೇಡ ಅಂದ ಮೇಲೂ ಮಾಡಿದರೆ ತಪ್ಪಾಗುತ್ತದೆ, ಹೇಳದೆ ಮಾಡಿದರೆ ಅಷ್ಟೇನೂ ತಪ್ಪಲ್ಲ. ಇದು ಅವನ ನ್ಯಾಯಶಾಸ್ತ್ರ.

ಗುರುವಾರ ಅವಳು "ರೀ!" ಎಂದು ಕೂಗಿದ ದನಿಗೆ ಇವನ ಎದೆ ಧಸಕ್ಕೆಂದಿತು. ಓಡಿ ಬಂದು ನೋಡಿದರೆ ಮಾನಿಟರು ಪೂರ್ತಿ ನೀಲಿ. ಯಂತ್ರ ಅರ್ಧ ದಿನದಿಂದ ಒಂದೊಂದೇ ಚಿತ್ರವಾಗಿ ತಯಾರಿಸುತ್ತಿದ್ದ ವಿಡಿಯೋ ನಡುವೆಯೇ ನಿಂತು, ಯಂತ್ರ ತಾನಾಗಿ ಮತ್ತೆ ಶುರುವಾಗುತ್ತಿತ್ತು.

"ಏನಾಯ್ತು ಇದಕ್ಕೆ?"

"ಕರೆಂಟು ಏರುಪೇರಾಗಿರ್ಬೇಕು," ಎಂದ. ಯೋಚನೆಗೆ ಮುಂಚೆ ಸುಳ್ಳೇ ಹೊರಗೆ ಬಂದಿತ್ತು.

"ನಾನು ಮಾಡಿದ ಮನೇನೇ ಇದಕ್ಕೆ ಭಾರ ಆಯ್ತೇನೋ," ಎಂದಳು ಅವಳು, ಮೆಲ್ಲಗೆ. ಇವನು ಆ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಬೈಗುಳ ತಪ್ಪಿತಲ್ಲ ಎಂಬ ಸಮಾಧಾನದಲ್ಲಿದ್ದ.

ಅಲ್ಲಿಂದ ಅವನ ನೆಮ್ಮದಿ ಕೆಟ್ಟಿತು. ಅವಳು ಅಡುಗೆಮನೆಗೆ ಹೋದಾಗ, ಸ್ನಾನಕ್ಕೆ ಹೋದಾಗ, ಕಳ್ಳನಂತೆ ಬಂದು ಸೆಟ್ಟಿಂಗಿನ ಪುಟ ತೆರೆಯುತ್ತಿದ್ದ. ಪ್ರೊಸೆಸರಿನ ವೇಗ ಒಂದು ಮೆಟ್ಟಿಲು ಇಳಿಸಿದ. ವೋಲ್ಟೇಜ್ ಒಂಚೂರು ಏರಿಸಿದ. ಶುಕ್ರವಾರ ಯಂತ್ರ ಮತ್ತೆ ನೀಲಿಯಾಗಿ ಬಿತ್ತು. ಬಿಸಿ ಹೆಚ್ಚಿತೇನೋ ಎಂದು ಫ್ಯಾನು ಬಿಚ್ಚಿ, ಪ್ರೊಸೆಸರಿನ ಶಾಖ ಎಳೆಯುವ ಪೇಸ್ಟು ಒರೆಸಿ, ಹೊಸದಾಗಿ ಬಳಿದು ಕೂರಿಸಿದ. ಶನಿವಾರ ಗ್ಯಾರೇಜಿಗೆ ರಜೆ ಹಾಕಿ ಬೆಳಗಿನಿಂದ ಪ್ರೊಸೆಸರಿನ ಪರೀಕ್ಷೆ ಓಡಿಸಿದ. ಯಂತ್ರ ಗುಡುಗುಟ್ಟುತ್ತ ಗೆದ್ದುಬಂತು. ಎದೆಯುಬ್ಬಿಸಿಕೊಂಡು ಅವಳನ್ನು ಕರೆದು ಕೂರಿಸಿದ. ಅವಳ ವಿಡಿಯೋ ಕಾಲುಭಾಗ ಓಡಿತ್ತೋ ಇಲ್ಲವೋ, ಮತ್ತೆ ನೀಲಿ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರಲ್ಲ, ಈ ಮಹಾಶಯ ಮೂರು ದಿನ ಮಾಡಿದ್ದು ಅದನ್ನೇ. ಕೊನೆಗೆ ಮರ್ಯಾದೆ ಬಿಟ್ಟು ಪ್ರೊಸೆಸರನ್ನು ಅದು ಹುಟ್ಟಿದ ವೇಗಕ್ಕೇ ಇಳಿಸಿದ. ಆಗಲೂ ಬಿತ್ತು. ಈಗ ಅವನಿಗೆ ನಿಜವಾದ ಭಯ ಹಿಡಿಯಿತು. ವೋಲ್ಟೇಜ್ ಏರಿಸಿ ತಾನೇ ಅದನ್ನು ಸುಟ್ಟುಬಿಟ್ಟೆನೇ? ಹೇಳಿದರೆ ಅವಳ ಮುಖ ಹೇಗೆ ನೋಡುವುದು, ಹೇಳದಿದ್ದರೆ ಭಾನುವಾರದ ಗತಿಯೇನು? ಬಾಯಲ್ಲಿ ಬಿಸಿ ತುಪ್ಪ, ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ. ಊಟಕ್ಕೆ ಕೂತರೂ ಕಿವಿ ಮಾತ್ರ ಪಕ್ಕದ ಕೋಣೆಯ ಫ್ಯಾನಿನ ಕಡೆಗೇ. ಅದರ ಸದ್ದು ಸ್ವಲ್ಪ ಬದಲಾದರೆ ಸಾಕು, ಎದೆಯಲ್ಲಿ ಅವಲಕ್ಕಿ ಕುಟ್ಟಿದಂತಾಗುತ್ತಿತ್ತು. ಯಂತ್ರ ಬಿದ್ದಾಗೆಲ್ಲ ಅವಳು ಮೌಸ್ ಹಿಡಿದು ಏನೋ ಸರಿಮಾಡಿ, ಮತ್ತೆ ಓಡಿಸುತ್ತಿದ್ದಳು.

ಭಾನುವಾರ ಬೆಳಿಗ್ಗೆ ಅವಳು ಸೋತು ಒಳಗೆ ಮಲಗಿದ್ದಾಗ, ಇವನು ಮಹಡಿಯ ಮೆಟ್ಟಿಲ ಮೇಲೆ ಕೂತು, ಫೋನಿಗೆ ಕೈ ಅಡ್ಡ ಹಿಡಿದು ಬಿಡಿಭಾಗದ ಅಂಗಡಿಯವನಿಗೆ ಪಿಸುಗುಟ್ಟಿದ.

"ಪ್ರೊಸೆಸರ್ ಸುಟ್ಟೋಗಿದೆ ಅನ್ಸತ್ತೆ ಸಾರ್."

"ಸುಟ್ಟೋಗಿದ್ರೆ ಆನ್ ಆಗ್ತಿತ್ತಾ? ಏನೇನು ಮುಟ್ಟಿದೀರಿ, ಎಲ್ಲ ಹೇಳಿ."

ಇವನು ಹೇಳಿದ. ಅಂಗಡಿಯವನು ಪೂರ್ತಿ ಕೇಳಿಸಿಕೊಂಡ.

"ಮೆಮೊರಿ?"

"ಅದನ್ನ ಮುಟ್ಟೇ ಇಲ್ಲ. ಡಬ್ಬದ ಮೇಲೆ ಎಷ್ಟಿದೆಯೋ ಅಷ್ಟಕ್ಕೇ ಇಟ್ಟಿದೀನಿ."

"ಅದೇ ಮುಟ್ಟಿರೋದು ಸ್ವಾಮಿ!" ಅಂಗಡಿಯವನ ದನಿ ಏರಿತು. "ಡಬ್ಬದ ಮೇಲಿರೋದು ಅದು ಓಡಬಹುದಾದ ವೇಗ. ನಿಮ್ಮ ಬೋರ್ಡಲ್ಲಿ, ನಾಲ್ಕು ಪಟ್ಟಿ ಒಟ್ಟಿಗೆ ಹಾಕ್ದಾಗ ಓಡೇ ಓಡತ್ತೆ ಅಂತ ಯಾರೂ ಬರ್ಕೊಟ್ಟಿಲ್ಲ. ಅದೂ ಓವರ್‌ಕ್ಲಾಕೇ, ವೇಗ ಏರಿಸಿದ ಲೆಕ್ಕವೇ. ನೀವು ಮಾಡಿದ ಟೆಸ್ಟು ಮೆಮೊರೀನ ಸರಿಯಾಗಿ ತಟ್ಟಿ ನೋಡೋದೇ ಇಲ್ಲ. ಬರೀ ಮೆಮೊರಿ ಟೆಸ್ಟ್ ಹಾಕಿ, ಆಮೇಲೆ ಆ ಟಿಕ್ ತೆಗೆದು ಅದೇ ಟೆಸ್ಟ್ ಮತ್ತೆ ಹಾಕಿ. ನಿಮಗೇ ಗೊತ್ತಾಗತ್ತೆ."

ಹಾಕಿದ. ತಪ್ಪು ತೋರಿಸುವ ಕೆಂಪು ಸಾಲುಗಳು ಒಂದರ ಕೆಳಗೊಂದು ಮಾನಿಟರು ತುಂಬಿದವು. ಟಿಕ್ ತೆಗೆದು ಅದೇ ಟೆಸ್ಟು ಓಡಿಸಿದ. ಬೆರಳಿನ ಉಗುರು ಕಡಿಯುತ್ತ ಕಾದ. ಒಂದೇ ಒಂದು ಕೆಂಪು ಸಾಲೂ ಬರಲಿಲ್ಲ. ಪ್ರೊಸೆಸರಿಗೆ ಏನೂ ಆಗಿರಲಿಲ್ಲ. ಅವನಿಗೆ ಹೋದ ಜೀವ ಬಂದಂತಾಯಿತು. ಒಳಗೆ ಹೋಗಿ ಅವಳನ್ನು ಎಬ್ಬಿಸಿದ.

"ಏಳೇ, ಸರಿಹೋಯ್ತು. ಇನ್ನು ಬೀಳಲ್ಲ."

ಅವಳು ಮುಖ ತೊಳೆದು ಬಂದು ಫೈಲು ತೆರೆದಳು. ಹಿಂದೆ ನಿಂತಿದ್ದ ಇವನು ಬಗ್ಗಿ ನೋಡಿದ. ಬುಧವಾರ ಅವಳು ತೋರಿಸಿದ್ದ ಮನೆ ಅವನಿಗೆ ನೆನಪಿತ್ತು. ಅಂಗಳದಲ್ಲಿ ಎಲೆ ತುಂಬಿದ ಮರ, ಕೊಂಬೆಗೆ ಜೋಕಾಲಿ, ಕಿಟಕಿಗಳಲ್ಲಿ ಗಾಳಿಗೆ ಹಾರುವ ಪರದೆ, ಬಾಲ್ಕನಿಯ ತಂತಿಯಲ್ಲಿ ಒದ್ದೆ ಟವೆಲು, ಬಾಗಿಲ ಬಳಿ ಮಗುವಿನ ಚಪ್ಪಲಿ. ಈಗ ನಾಲ್ಕು ಗೋಡೆ, ಬಾಗಿಲು, ಒಂದು ಬೋಳು ಮರ.

"ಜೋಕಾಲಿ ಎಲ್ಲಿ ಹೋಯ್ತೇ?"

"ತೆಗ್ದೆ." ಅವಳು ತಿರುಗಲಿಲ್ಲ. "ಭಾರ ಆಯ್ತೇನೋ ಅಂತ ಮೊದಲು ಎಲೆ ತೆಗ್ದೆ. ಆಮೇಲೆ ಕಿಟಕಿ ಪರದೆ. ಬಿದ್ದಾಗ್ಲೆಲ್ಲ ಒಂದೊಂದು ತೆಗೀತಾ ಬಂದೆ. ಆದ್ರೂ ಬೀಳ್ತಾನೇ ಇತ್ತು. ಇಷ್ಟು ವರ್ಷ ಮನೇಲಿ ಕೂತು ನನ್ನ ಕೈಯೇ ಹೋಯ್ತು ಅನ್ಕೊಂಡೆ ಕಣ್ರೀ."

ಇವನಿಗೆ ನಾಚಿಕೆಯಾಯಿತು. ಕರೆಂಟಿನ ದೋಷವಿತ್ತೆಂದು ಈಗಲೂ ಹೇಳಿ ಪಾರಾಗಬಹುದಿತ್ತು.

"ನಿನ್ನದಲ್ಲ. ನಾನು ವೇಗ ಏರಿಸಿದ್ದೆ. ನಿನಗೆ ಹೇಳದೆ."

"ಯಾವಾಗಿಂದ?"

"ಮೊದಲಿಂದ್ಲೂ."

ಅವಳು ಬೈಯಲಿಲ್ಲ. ಕುರ್ಚಿಯನ್ನು ಇವನ ಕಡೆಗೆ ತಿರುಗಿಸಿದಳು. ಆಮೇಲೆ, "ಹಾಗಾದ್ರೆ ನಂದು ಸರಿಯಾಗೇ ಇತ್ತಾ?" ಎಂದು ಕೇಳಿದಳು.

"ಮೊದಲಿಂದ್ಲೂ ಸರಿಯಾಗೇ ಇತ್ತು."

ಆಗ ಅವಳಿಗೆ ಅಳು ಬಂತು. ಬೈದಿದ್ದರೆ ಇವನು ತಡೆದುಕೊಳ್ಳುತ್ತಿದ್ದ. ಕೈ ಹೋಗಿಲ್ಲವೆಂಬ ಸಂತೋಷಕ್ಕೆ ಅವಳು ಹಾಗೆ ಅತ್ತದ್ದನ್ನು ನೋಡುತ್ತ ನಿಲ್ಲುವುದು ಅವನಿಂದಾಗಲಿಲ್ಲ. ನೀರು ತರುವ ನೆಪದಲ್ಲಿ ಅಡುಗೆಮನೆಗೆ ಹೋದ.

ಬುಧವಾರದ ಫೈಲು ಭದ್ರವಾಗಿತ್ತು, ಅವಳು ಅಷ್ಟು ಜಾಣೆ. ಆದರೆ ಅದರಲ್ಲಿದ್ದುದೆಲ್ಲ ಐದರೊಳಗೆ ಮುಗಿಯುವ ಮಾತಲ್ಲ. ಕಣ್ಣೊರೆಸಿಕೊಂಡು ಲೆಕ್ಕ ಹಾಕಿದಳು. ಜೋಕಾಲಿ ಬಂತು, ಟವೆಲು ಬಂತು, ಚಪ್ಪಲಿ ಬಂತು, ಪರದೆಗಳು ಬಂದವು. ಎಲೆಗೆ ಹೊತ್ತಿರಲಿಲ್ಲ. "ಮರ ಬೋಳಾಗೇ ಇರ್ಲಿ," ಎಂದು ಓಡಿಸಿದಳು.

"ಫ್ಯಾನು..." ಎಂದ ಇವನು.

"ಯಾವುದಕ್ಕೂ ಕೈ ತಾಗಿಸ್ಬೇಡಿ."

ಕೈ ಹಿಂದೆ ಕಟ್ಟಿಕೊಂಡು ಗೋಡೆಗೊರಗಿ ನಿಂತ. ಅರ್ಧ ದಾಟಿತು, ಮುಕ್ಕಾಲು ದಾಟಿತು. ನೂರಕ್ಕೆ ಎಂಬತ್ತರ ಹತ್ತಿರ ಒಮ್ಮೆ ತಡವರಿಸಿದಾಗ ಇಬ್ಬರೂ ಉಸಿರು ಹಿಡಿದರು. ಮುಂದೆ ಹೋಯಿತು. ಐದು ಹೊಡೆಯಲು ಇನ್ನೂ ಸ್ವಲ್ಪವಿರುವಾಗ ವಿಡಿಯೋ ಮುಗಿದು ಕಂಪನಿಗೆ ಹೊರಟುಹೋಯಿತು.

ಕೆಲಸ ಸಿಕ್ಕಿತು. ಮರವೇಕೆ ಬೋಳು ಎಂದು ಕಂಪನಿಯವರು ಕೇಳಿದರಂತೆ, ಇವಳು ಚಳಿಗಾಲ ಎಂದಳಂತೆ. ಆ ಯಂತ್ರ ಈಗಲೂ ಹುಟ್ಟಿದ ವೇಗದಲ್ಲೇ ಓಡುತ್ತಿದೆ, ಒಂದು ಸಲವೂ ಬಿದ್ದಿಲ್ಲ. ಗ್ಯಾರೇಜಿನ ಸ್ನೇಹಿತರಿಗೆ ಈ ಕಥೆಯನ್ನು ಅವನೇ ನಗುನಗುತ್ತ ಹೇಳುತ್ತಾನೆ, ಒಂದನ್ನು ಬಿಟ್ಟು. ಕೆಲಸದ ನಡುವೆ ಮೌಸಿನ ಬಾಣ ಒಂದು ಕ್ಷಣ ನಿಂತರೂ ಅವಳು ಮಾನಿಟರು ನೋಡುವುದಿಲ್ಲ, ಮೊದಲು ತಿರುಗಿ ಇವನ ಮುಖ ನೋಡುತ್ತಾಳೆ.